ಭದ್ರಾ ಫರ್ನೇಸ್ ಆರಿದ ಕಥೆ

ಲೋಕದಲ್ಲಿ ಅನ್ಯಾಯ ಎಷ್ಟಿದೆ ಎಂದು ತಿಳಿಯಲು ಕೋರ್ಟು ಕಚೇರಿ ಅಲೆಯಬೇಕಾಗಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಶಿವಮೊಗ್ಗದ ವಿನೋಬನಗರದಲ್ಲಿರುವ ಷಡಕ್ಷರಪ್ಪನವರ ಮನೆಗೆ ಹೋದರೆ ಸಾಕು. ಬೇರೆಯವರು ಆ ಹೊತ್ತಿಗೆ ಪೂಜೆ ಮಾಡುತ್ತಾರೆ, ಪೇಪರ್ ಓದುತ್ತಾರೆ. ಇವರು ಕಾಫಿ ಕುಡಿಯುತ್ತಾ ಆ ದಿನದ ಅನ್ಯಾಯವನ್ನು ಘೋಷಿಸುತ್ತಾರೆ.

"ಜಯಾ, ಕೇಳಿಲ್ಲಿ. ಬಡ್ಜಿ ಅಂತ ಒಂದು ಬ್ಯಾಂಡು. ವೇಲ್ಸ್ ದೇಶದ್ದು. ಮೂರೇ ಜನ. ಏನು ಗಿಟಾರು ಅಂತೀಯ! ಈ ಊರಲ್ಲಿ ಯಾವನಿಗಾದ್ರೂ ಗೊತ್ತಾ?"

"ಈ ಊರಲ್ಲಿ ಬಜ್ಜಿ ಎಲ್ಲರಿಗೂ ಗೊತ್ತು," ಎಂದರು ಅಡುಗೆಮನೆಯಿಂದ ಜಯಶೀಲಾ.

"ಬಜ್ಜಿ ಅಲ್ಲ ಮಾರಾಯ್ತಿ, ಬಡ್ಜಿ!"

"ಎಣ್ಣೇಲಿ ಬಜ್ಜಿ ಬಿಟ್ಟಿದ್ರೆ ಮೂರು ಜನನೂ ಉದ್ಧಾರ ಆಗ್ತಿದ್ರು. ಕಾಫಿ ಆರ್ತಾ ಇದೆ, ಕುಡೀರಿ."

ಅವರು ಕಾಫಿ ಕುಡಿಯುವ ಸ್ಟೀಲ್ ಲೋಟ ಜಯಶೀಲಾ ಮದುವೆಯಾಗಿ ಬರುವಾಗ ತವರಿನಿಂದ ತಂದದ್ದು. ಅದರ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರಗಳು: 'ವಿ.ಗ.ಸೇ.ಸ., ಕಾ.ನ. ಕು. ಜಯಶೀಲಾಗೆ, ಸಮಯಪ್ರಜ್ಞೆಗಾಗಿ.' ಕೊಟ್ಟ ಪುಣ್ಯಾತ್ಮರು ತಮ್ಮ ಹೆಸರನ್ನು ಮೊಟಕು ಮಾಡಿ ಸಮಯಪ್ರಜ್ಞೆಯನ್ನು ಮಾತ್ರ ಪೂರ್ತಿ ಬರೆಸಿದ್ದರು. ಮದುವೆಯಾದ ಹೊಸದರಲ್ಲಿ ಷಡಕ್ಷರಪ್ಪನವರು ಇದೇನು ಎಂದು ಕೇಳಿದ್ದರು. "ಯಾವುದೋ ಫಂಕ್ಷನ್ನಲ್ಲಿ ಕೊಟ್ಟಿದ್ದು ಬಿಡಿ," ಎಂದಿದ್ದರು ಹೆಂಡತಿ. ಬಿಟ್ಟರು. ತಮಗೆ ಬಾರದ ಬಹುಮಾನದ ವಿಚಾರ ಅವರಿಗೆ ಎರಡನೇ ಪ್ರಶ್ನೆ ಕೇಳುವಷ್ಟು ಮುಖ್ಯವಲ್ಲ. ಆದರೆ ಒಲೆಯ ಮೇಲೆ ಹಾಲು ಉಕ್ಕಿದಾಗಲೆಲ್ಲ, "ಆ ಲೋಟ ಕೊಟ್ಟೋರನ್ನ ಕರೆದು ತೋರಿಸ್ಬೇಕು ನಿನ್ನ ಸಮಯಪ್ರಜ್ಞೇನ!" ಎಂದು ಹಂಗಿಸಲು ಮರೆಯುತ್ತಿರಲಿಲ್ಲ.

ಷಡಕ್ಷರಪ್ಪನವರಿಗೆ ಬಿ.ಎಚ್. ರಸ್ತೆಯಲ್ಲಿ ಪೈಪು, ನಲ್ಲಿ ಮಾರುವ ಅಂಗಡಿ ಇದೆ. ಅದು ಹೊಟ್ಟೆಪಾಡು. ಅವರ ಆತ್ಮ ಇರುವುದು ಹಾರ್ಡ್ ರಾಕ್ ಸಂಗೀತದಲ್ಲಿ. ಅದೂ ಹೆಸರು ಮಾಡಿದ ಬ್ಯಾಂಡುಗಳೆಂದರೆ ಅವರಿಗೆ ವಾಕರಿಕೆ. ಕೋಟಿ ಜನ ಕೇಳುವ ಹಾಡು ಹಾಡಾಗಲು ಸಾಧ್ಯವೇ ಇಲ್ಲ ಎಂಬುದು ಅವರ ಸಿದ್ಧಾಂತ. ಚೆನ್ನಾಗಿ ಬಾರಿಸಿ, ಯಾರೂ ಕೇಳದೆ, ಉಪವಾಸ ಬಿದ್ದು, ಕೊನೆಗೆ ಒಬ್ಬರಿಗೊಬ್ಬರು ಜಗಳವಾಡಿ ಚದುರಿಹೋದ ಬ್ಯಾಂಡುಗಳನ್ನು ಕಂಡರೆ ಮಾತ್ರ ಅವರ ಕರುಳು ಚುರ್ ಎನ್ನುತ್ತದೆ. ಏಕೆಂದರೆ ಅವರದ್ದೂ ಅಂಥದ್ದೇ ಒಂದು ಬ್ಯಾಂಡಿತ್ತು.

ಹೆಸರು 'ಭದ್ರಾ ಫರ್ನೇಸ್'. ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸ್‌ನಲ್ಲಿ ಹುಟ್ಟಿತು. ಷಡಕ್ಷರಪ್ಪ ಗಿಟಾರು ಮತ್ತು ಕಂಠ. ಹಯಾತ್ ಡ್ರಮ್ಮು. ಮೂರ್ತಪ್ಪ ಬೇಸ್ ಗಿಟಾರು. ಈಗ ಹಯಾತ್ ಭದ್ರಾವತಿಯಲ್ಲಿ ಲಾರಿ ರಿಪೇರಿ ಗ್ಯಾರೇಜು ಇಟ್ಟಿದ್ದಾನೆ. ಮೂರ್ತಪ್ಪ ಆಯನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡು, ತಾನು ಯಾವ ಬ್ಯಾಂಡಿನಲ್ಲೂ ಇರಲೇ ಇಲ್ಲ ಎಂದು ದೇವರ ಮೇಲೆ ಆಣೆ ಮಾಡುತ್ತಾನೆ.

ಭದ್ರಾ ಫರ್ನೇಸ್ ಒಟ್ಟು ಒಂದು ಕಾರ್ಯಕ್ರಮ ಕೊಟ್ಟಿತು. ೧೯೯೩ರ ಗಣಪತಿ ಹಬ್ಬದಲ್ಲಿ. ಅದರಲ್ಲಿ ಒಟ್ಟು ಒಂದು ಹಾಡು ಬಾರಿಸಿತು. ಆ ಹಾಡೂ ಮುಗಿಯಲಿಲ್ಲ. ನಡುವೆ ಕರೆಂಟು ಹೋಯಿತು. ಹೋಯಿತು ಎಂದರೆ ಷಡಕ್ಷರಪ್ಪನವರು ಒಪ್ಪುವುದಿಲ್ಲ. "ಹೋಗಿದ್ದಲ್ಲ, ತೆಗೆದದ್ದು!" ಪೆಂಡಾಲಿನ ಡ್ಯೂಟಿಯಲ್ಲಿದ್ದ ಎಲೆಕ್ಟ್ರೀಷಿಯನ್ ಓಬಯ್ಯನೇ ಹೊಟ್ಟೆಕಿಚ್ಚಿನಿಂದ ಫ್ಯೂಸ್ ಕಿತ್ತ ಎಂಬುದು ಅವರ ಅಚಲ ನಂಬಿಕೆ. (ಓಬಯ್ಯ ಆರ್ಕೆಸ್ಟ್ರಾದಲ್ಲಿ ಸಿನಿಮಾ ಹಾಡು ಹಾಡುತ್ತಿದ್ದ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?) ಅಂದಿನಿಂದ ಇಂದಿನವರೆಗೆ ಓಬಯ್ಯನ ಜೊತೆ ಮಾತಿಲ್ಲ. ಒಮ್ಮೆ ಪಾಪ ಆತ ನಲ್ಲಿಯ ವಾಷರ್ ಕೇಳಿಕೊಂಡು ಅಂಗಡಿಗೆ ಬಂದಾಗ, ವಾಷರುಗಳ ಡಬ್ಬಿಯ ಮೇಲೆ ಕೈಯಿಟ್ಟುಕೊಂಡೇ "ಸ್ಟಾಕ್ ಇಲ್ಲ" ಎಂದು ಕಳಿಸಿದ್ದರು.

"ನೀನೂ ಅದೇ ಕ್ವಾರ್ಟರ್ಸ್‌ನವಳಲ್ವಾ? ಅವತ್ತು ನನ್ನ ಗಿಟಾರ್ ಸೋಲೋ ಕೇಳಿದ್ದೆ ತಾನೆ?" ಎಂದು ಆಗಾಗ ಹೆಂಡತಿಯನ್ನು ಕೇಳುವುದುಂಟು.

"ಕೇಳಿಸ್ತು ರೀ. ಭದ್ರಾ ಹೊಳೆ ಆಚೆ ದಡಕ್ಕೂ ಕೇಳಿಸ್ತು."

ಇದನ್ನು ಅವರು ಹೊಗಳಿಕೆ ಎಂದು ತಿಳಿದುಕೊಂಡಿದ್ದರು.

ಹೀಗಿರುವಾಗ ಷಡಕ್ಷರಪ್ಪನವರು ಫೇಸ್‌ಬುಕ್ಕಿನಲ್ಲಿ ಒಂದು ಪಟ್ಟಿ ಹಾಕಿದರು: 'ದೊಡ್ಡ ಯಶಸ್ಸಿಗೆ ಅರ್ಹವಾಗಿದ್ದೂ ಮಣ್ಣುಪಾಲಾದ ಹತ್ತು ಹಾರ್ಡ್ ರಾಕ್ ಬ್ಯಾಂಡುಗಳು.' ಹತ್ತನೆಯದು ಕಿಂಗ್ಸ್ ಎಕ್ಸ್, ಎರಡನೆಯದು ಬಡ್ಜಿ, ಒಂದನೆಯದು ಯಾವುದೆಂದು ಹೇಳಬೇಕಾಗಿಲ್ಲ. ಮೂರು ಲೈಕು ಬಂತು. ಒಂದು ಹಯಾತ್‌ನದು. ಇನ್ನೊಂದು ಅವರದೇ ಅಂಗಡಿಯ ಹೆಸರಿನ ಖಾತೆಯದು. ಮೂರನೆಯದು ಮಾತ್ರ ಯಾರೋ ಪ್ರಿಯದರ್ಶಿನಿಯದು. ಶಂಕರಘಟ್ಟದಲ್ಲಿ ಪತ್ರಿಕೋದ್ಯಮ ಓದುತ್ತಿದ್ದ ಹುಡುಗಿ. ಕಾಗದನಗರದ ಹಳೆಯ ಕಲಾವಿದರ ಬಗ್ಗೆ ಪಾಡ್‌ಕಾಸ್ಟ್ ಮಾಡುತ್ತಿದ್ದೇನೆ, ನಿಮ್ಮನ್ನು ಸಂದರ್ಶಿಸಬಹುದೇ ಎಂದು ಫೋನೇ ಮಾಡಿಬಿಟ್ಟಳು.

ಷಡಕ್ಷರಪ್ಪನವರಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಮೂವತ್ತು ಚಿಲ್ಲರೆ ವರ್ಷ ಕಾದಿದ್ದಕ್ಕೆ ಇತಿಹಾಸವೇ ಬಾಗಿಲಿಗೆ ಬರುತ್ತಿದೆ! ಭದ್ರಾ ಫರ್ನೇಸ್ ಏಕೆ ಆರಿತು ಎಂಬ ಸತ್ಯ ಈಗಲಾದರೂ ರೆಕಾರ್ಡಾಗಬೇಕು. ಓಬಯ್ಯನ ಹೆಸರು ಊರ ಮುಂದೆ ಬಯಲಾಗಬೇಕು. ತಲೆಗೆ ಕಪ್ಪು ಬಣ್ಣ ಹಚ್ಚಿಕೊಂಡರು. ಇಪ್ಪತ್ತೆರಡನೇ ವಯಸ್ಸಿನ ಲೆದರ್ ಜಾಕೆಟ್ಟಿನೊಳಗೆ ಐವತ್ತನಾಲ್ಕರ ಹೊಟ್ಟೆಯನ್ನು ಇಳಿಸಲು ಅರ್ಧ ಗಂಟೆ ಹೋರಾಡಿದರು.

"ರೀ, ಜಿಪ್ ಹಾಕ್ಬೇಡಿ. ಉಸಿರು ಸಿಕ್ಕದೆ ಏನಾದ್ರೂ ಆದ್ರೆ ಪಾಪ ಆ ಹುಡುಗಿ ಮೇಲೆ ಬರುತ್ತೆ," ಎಂದರು ಜಯಶೀಲಾ. ಆಮೇಲೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ಓಬಯ್ಯಣ್ಣನ ವಿಚಾರ ಯಾಕ್ರೀ ಎತ್ತೋದು? ಬಿಟ್ಟುಬಿಡಿ," ಎಂದರು.

"ಬಿಡೋದಾ? ಬೆಂಗಳೂರಿನ ಕ್ಯಾಸೆಟ್ ಕಂಪನಿಯವನು ಮುಂದಿನ ಸಾಲಲ್ಲಿ ಕೂತಿದ್ದ ಕಣೇ ಅವತ್ತು! ಇನ್ನೈದು ನಿಮಿಷ ಕರೆಂಟ್ ಇದ್ದಿದ್ರೆ ನನ್ನ ಹಣೆಬರಹವೇ ಬೇರೆ ಆಗ್ತಿತ್ತು. ನಲ್ಲಿ ಮಾರ್ಕೊಂಡು ಕೂರ್ಬೇಕಿತ್ತಾ ನಾನು?"

ಜಯಶೀಲಾ ಒಳಗೆ ಹೋದರು.

ಭಾನುವಾರ ಹತ್ತು ಗಂಟೆಗೆ ಪ್ರಿಯದರ್ಶಿನಿ ಬಂದಳು. ಸಾಕ್ಷಿಗೆಂದು ಕರೆಸಿದ್ದ ಹಯಾತ್ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಸೋಫಾದ ತುದಿಯಲ್ಲಿ ಕುಳಿತಿದ್ದ. ಜಯಶೀಲಾ ಅತಿಥಿಗಳಿಗೆ ಕಪ್ಪಿನಲ್ಲಿ, ಗಂಡನಿಗೆ ಎಂದಿನ ಲೋಟದಲ್ಲಿ ಕಾಫಿ ತಂದಿಟ್ಟರು. ಹುಡುಗಿ ಮೈಕು ಇಟ್ಟು ಕೇಳಿದಳು:

"ಸರ್, ನಿಮ್ಮ ಬ್ಯಾಂಡು ಯಾಕೆ ಮುಂದೆ ಬರ್ಲಿಲ್ಲ?"

"ಮೋಸ!" ಎಂದು ಗುಡುಗಿದರು ಷಡಕ್ಷರಪ್ಪನವರು. "ಸೋಲೋ ಇನ್ನೇನು ಶಿಖರ ಮುಟ್ಟಬೇಕು. ನಾನು ಕಣ್ಣು ಮುಚ್ಚಿದ್ದೆ. ಕಲಾವಿದ ಸೋಲೋದಲ್ಲಿ ಕಣ್ಣು ಮುಚ್ಚಲೇಬೇಕು. ತೆರೆದು ನೋಡ್ತೀನಿ, ಕತ್ತಲು! ಮುಂದಿನ ಸಾಲಲ್ಲಿ ಕ್ಯಾಸೆಟ್ ಕಂಪನಿಯವನು—"

"ಯಾವ ಕಂಪನಿಯವನು ಮಾರಾಯ?" ಹಯಾತ್ ಬಾಯಿ ಹಾಕಿದ. "ಅವನು ಮೂರ್ತಪ್ಪನ ಭಾವ. ಊಟಕ್ಕೆ ಬಂದಿದ್ದ."

"ನೀನು ಸುಮ್ನಿರು!"

"ಮತ್ತೆ ಆ ಸೋಲೋ ಎಷ್ಟು ಹೊತ್ತಾಗಿತ್ತು, ಖುದಾ ಕಸಮ್, ನಿಂಗೆ ಅಂದಾಜಿದ್ಯಾ? ನಾನು ಡ್ರಮ್ ಬಿಟ್ಟು ಎದ್ದು ಹೋಗಿ ಚಾ ಕುಡ್ದು ಬಂದೆ. ನಿಂಗೆ ಗೊತ್ತೇ ಆಗ್ಲಿಲ್ಲ."

ಷಡಕ್ಷರಪ್ಪನವರು ಸ್ನೇಹಿತನನ್ನು ಸುಡುವಂತೆ ನೋಡಿ ಮೈಕಿನ ಹತ್ತಿರ ಬಗ್ಗಿದರು. "ಬರ್ಕೊಳಮ್ಮ. ಫ್ಯೂಸ್ ಕಿತ್ತವನು ಓಬಯ್ಯ. ಓ, ಬ, ಯ್ಯ."

"ಓಬಯ್ಯನವರ ಹತ್ರ ಮೊನ್ನೆ ಮಾತಾಡ್ದೆ ಸರ್," ಎಂದಳು ಹುಡುಗಿ. "ಅವರು ಬೇರೆ ಥರ ಹೇಳ್ತಾರೆ. ಕೇಳ್ತೀರಾ?" ಫೋನಿನ ಗುಂಡಿ ಒತ್ತಿದಳು. ಓಬಯ್ಯನ ನಿಧಾನದ ದನಿ ಹೊರಬಂತು.

"ನಾನು ಫ್ಯೂಸ್ ಮುಟ್ಟಿಲ್ಲಮ್ಮ. ಹತ್ತು ನಿಮಿಷ ಅಂತ ಸ್ಟೇಜ್ ಹತ್ತಿದ ಹುಡುಗ್ರು ನಲವತ್ತು ನಿಮಿಷ ಆದ್ರೂ ಇಳೀಲಿಲ್ಲ. ಹಿಂದೆ ಕೋಲಾಟದ ಹೆಣ್ಮಕ್ಳು ಸೀರೆ ಉಟ್ಕೊಂಡು ಕಾಯ್ತಾ ನಿಂತಿದ್ರು. ಅವರಲ್ಲಿ ಒಬ್ಳು ಸೀದಾ ಬೋರ್ಡ್ ಹತ್ರ ಬಂದ್ಲು. ಫ್ಯೂಸ್ ಕಿತ್ತು ಸೊಂಟಕ್ಕೆ ಸಿಕ್ಕಿಸ್ಕೊಂಡ್ಲು. ಅಣ್ಣಾ, ಯಾರಿಗೂ ಹೇಳ್ಬೇಡಿ ಅಂದ್ಲು. ಹೆಸರು ಇವತ್ತಿಗೂ ಹೇಳಲ್ಲ ಬಿಡಿ. ಕೋಲಾಟಕ್ಕೆ ಕರೆಂಟ್ ಯಾಕೆ? ಅವಳೇ ಪೆಟ್ರೊಮ್ಯಾಕ್ಸ್ ಹಚ್ಚಿಸಿದ್ಲು. ಆ ಬೆಳಕಲ್ಲಿ ಆಡಿದ್ರು ನೋಡಿ, ಜನ ಎದ್ದು ನಿಂತು ಶಿಳ್ಳೆ ಹೊಡೆದ್ರು! ವಿದ್ಯಾಗಣಪತಿ ಸೇವಾ ಸಮಿತಿಯವರು ಖುಷಿಯಾಗಿ ಆ ಹುಡುಗೀಗೆ ಒಂದು ಲೋಟ ಕೊಟ್ರು. ಸಮಯಪ್ರಜ್ಞೆಗಾಗಿ ಅಂತ ಕೊರೆಸಿ."

ಷಡಕ್ಷರಪ್ಪನವರ ಬಾಯಿಯ ಹತ್ತಿರ ಹೋಗಿದ್ದ ಲೋಟ ಅಲ್ಲೇ ನಿಂತಿತು. ನಿಧಾನವಾಗಿ ಅದನ್ನು ತಿರುಗಿಸಿದರು. ವಿ.ಗ.ಸೇ.ಸ. ವಿದ್ಯಾಗಣಪತಿ ಸೇವಾ ಸಮಿತಿ. ಕಾ.ನ. ಕಾಗದನಗರ. ತಮ್ಮ ಬ್ಯಾಂಡನ್ನು ಕೊಂದದ್ದಕ್ಕೆ ಕೊಟ್ಟ ಬಹುಮಾನದಲ್ಲಿ ಅವರು ಇಷ್ಟು ವರ್ಷ ದಿನಕ್ಕೆರಡು ಸಲ ಕಾಫಿ ಕುಡಿದಿದ್ದರು.

"ಜಯಾ."

"ಏನ್ರೀ?"

"ನೀನಾ?"

"ಸಕ್ಕರೆ ಕಡಿಮೆ ಆಯ್ತಾ?"

"ನೀನಾ ಫ್ಯೂಸ್ ಕಿತ್ತಿದ್ದು?"

ಜಯಶೀಲಾ ಬಾಗಿಲಿಗೆ ಬಂದು ನಿಂತರು. ಮುಖದಲ್ಲಿ ಒಂದಿಷ್ಟೂ ಪಶ್ಚಾತ್ತಾಪ ಇರಲಿಲ್ಲ. "ಹೌದು ರೀ, ನಾನೇ. ಹದಿನಾರು ಜನ ಮೊಗ್ಗಿನ ಜಡೆ ಹಾಕಿಸ್ಕೊಂಡು ನಿಂತಿದ್ವಿ. ಮೊಗ್ಗು ಅರಳ್ತು, ಬಾಡ್ತು, ಉದುರ್ತು. ನಿಮ್ಮ ಹಾಡು ಮುಗೀಲಿಲ್ಲ."

"ಮತ್ತೆ... ಮತ್ತೆ ನನ್ನನ್ನ ಯಾಕೆ ಮದ್ವೆ ಆದೆ?"

"ಹೆಣ್ಣು ನೋಡೋಕೆ ಬಂದಾಗಲೇ ಗುರುತು ಹಿಡಿದೆ. ಪಾಪ ಅನ್ನಿಸ್ತು. ಒಂದು ಫ್ಯೂಸ್ ಕಿತ್ತಿದ್ದಕ್ಕೆ ಇಷ್ಟು ವರ್ಷ ಪ್ರಾಯಶ್ಚಿತ್ತ ಮಾಡ್ಬೇಕಾಗುತ್ತೆ ಅಂತ ಯಾರಿಗೆ ಗೊತ್ತಿತ್ತು?"

ಹಯಾತ್ ಎದ್ದು ನಿಂತು ಆಕೆಗೆ ಕೈ ಮುಗಿದ. "ಭಾಬಿ, ಅವತ್ತು ಆ ಕತ್ತಲಲ್ಲಿ ಯಾರಿಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಾಗ್ಲಿಲ್ಲ. ಇವತ್ತು ಹೇಳ್ತಿದೀನಿ."

ಪ್ರಿಯದರ್ಶಿನಿ ಪತ್ರಿಕೋದ್ಯಮ ಓದಿದ್ದು ವ್ಯರ್ಥವಾಗಲಿಲ್ಲ. ಮೈಕನ್ನು ಷಡಕ್ಷರಪ್ಪನವರ ಮುಂದಿನಿಂದ ಎತ್ತಿ ಜಯಶೀಲಾ ಮುಂದೆ ಇಟ್ಟಳು. ಎರಡು ಗಂಟೆ ಅದು ಅಲ್ಲಿಂದ ಕದಲಲಿಲ್ಲ. ಷಡಕ್ಷರಪ್ಪನವರು ಜಾಕೆಟ್ಟಿನಲ್ಲಿ ಬೆವರುತ್ತಾ ಕುಳಿತರು. ಜಿಪ್ಪು ಬೇರೆ ಸಿಕ್ಕಿಹಾಕಿಕೊಂಡಿತ್ತು.

ಪಾಡ್‌ಕಾಸ್ಟ್ ಬಂತು. ಹೆಸರು: 'ಹದಿನಾರು ಜೊತೆ ಕೋಲು: ದೊಡ್ಡ ಯಶಸ್ಸಿಗೆ ಅರ್ಹವಾಗಿದ್ದ ಒಂದು ತಂಡ.' ಭದ್ರಾ ಫರ್ನೇಸ್ ಅದರಲ್ಲಿ ಬಂದದ್ದು ಒಂದೇ ವಾಕ್ಯದಲ್ಲಿ, 'ಅದಕ್ಕೂ ಮೊದಲು ನಡೆಯುತ್ತಿದ್ದ ಗಲಾಟೆ' ಎಂದು. ಜನ ಮುಗಿಬಿದ್ದು ಕೇಳಿದರು. ಹಳೆಯ ಹದಿನಾರು ಜನರಲ್ಲಿ ಒಂಬತ್ತು ಜನ ಎಲ್ಲೆಲ್ಲಿಂದಲೋ ಫೋನ್ ಮಾಡಿದರು. ಶಂಕರಘಟ್ಟದ ಹುಡುಗರು ಕಾರ್ಯಕ್ರಮಕ್ಕೇ ಕರೆದರು. ಷಡಕ್ಷರಪ್ಪನವರ ನಡುಮನೆಯಲ್ಲಿ ಸಂಜೆಯ ತಾಲೀಮು ಶುರುವಾಯಿತು. ಹತ್ತು ಹೆಂಗಸರ ಕೋಲಿನ ಸದ್ದಿನ ನಡುವೆ ಕಾಫಿ ಮಾಡಿ ಹಂಚುವ ಕೆಲಸ ಯಾರಿಗೆ ಬಿತ್ತೆಂದು ಬೇರೆ ಹೇಳಬೇಕೆ? ಒಂದು ಸಂಜೆ ಹಾಲೂ ಉಕ್ಕಿತು. ಹತ್ತು ಜನರೂ ಒಟ್ಟಿಗೆ, "ಸಮಯಪ್ರಜ್ಞೆ!" ಎಂದು ಕೂಗಿದರು.

ಇಷ್ಟಾದರೂ ಅವರ ಎದೆಯೊಳಗಿನ ಕುಲುಮೆ ಆರಿರಲಿಲ್ಲ. ಪ್ರಿಯದರ್ಶಿನಿಗೆ ಗುಟ್ಟಾಗಿ ಫೋನ್ ಮಾಡಿ, ಅದೇ ಸ್ಟೇಜಿನಲ್ಲಿ ತಮಗೂ ಒಂದಿಷ್ಟು ಹೊತ್ತು ಕೊಡಿಸೆಂದು ಗೋಗರೆದರು. ಆಕೆ ಜಯಶೀಲಾ ಅವರನ್ನು ಕೇಳಿದಳು.

"ಕೊಡಮ್ಮ, ಪಾಪ," ಎಂದರು ಜಯಶೀಲಾ. "ಹತ್ತು ನಿಮಿಷ."

ಕಾರ್ಯಕ್ರಮದ ದಿನ ಮಧ್ಯಾಹ್ನ ಮೂರು ಗಂಟೆಗೆ ಶಂಕರಘಟ್ಟದ ಸಭಾಂಗಣದಲ್ಲಿ ಭದ್ರಾ ಫರ್ನೇಸ್ ಮತ್ತೆ ಸ್ಟೇಜು ಹತ್ತಿತು. ಮೂರ್ತಪ್ಪ ಬರಲಿಲ್ಲ. ಮುಂದಿನ ಸಾಲಿನಲ್ಲಿ ಮುಖ್ಯ ಅತಿಥಿಯಾಗಿ, ಶಾಲು ಹೊದ್ದು, ಓಬಯ್ಯ ಕುಳಿತಿದ್ದರು. ಷಡಕ್ಷರಪ್ಪನವರು ಅದೇ ಹಾಡು ಎತ್ತಿಕೊಂಡರು. ಸೋಲೋ ಬಂತು. ಈ ಸಲ ಕಣ್ಣು ಮುಚ್ಚಲು ಧೈರ್ಯವಾಗಲಿಲ್ಲ. ಗೋಡೆ ಗಡಿಯಾರ ನೋಡುತ್ತಲೇ ಬಾರಿಸಿದರು. ಒಂಬತ್ತನೆಯ ನಿಮಿಷಕ್ಕೆ ಹಾಡು ಮುಗಿಯಿತು. ಜೀವಮಾನದಲ್ಲಿ ಮೊದಲ ಬಾರಿಗೆ ಮುಗಿಯಿತು.

ಚಪ್ಪಾಳೆ! ಶಿಳ್ಳೆ! ಹುಡುಗರು ಬೆಂಚು ಕುಟ್ಟಿದರು. ಹಯಾತ್ ಡ್ರಮ್ಮಿನ ಹಿಂದಿನಿಂದ, "ಮಾರಾಯ, ಇಷ್ಟೇ ಆಗಿತ್ತು ನೋಡು ನಾವು ಅವತ್ತು ಮಾಡ್ಬೇಕಿದ್ದಿದ್ದು!" ಎಂದು ಕೂಗಿದ. ಷಡಕ್ಷರಪ್ಪನವರ ಕಣ್ಣಲ್ಲಿ ನೀರು ತುಂಬಿಕೊಂಡಿತು. ಕೊನೆಗೂ! ಅವರು ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ನಿಮ್ಮೆಲ್ಲರ ಒತ್ತಾಯದ ಮೇರೆಗೆ ಇನ್ನೊಂದು..."

ಮೈಕು ಸತ್ತಿತು. ಗಿಟಾರೂ ಸತ್ತಿತು. ಮೇಲೆ ತಿರುಗುತ್ತಿದ್ದ ಫ್ಯಾನು ನಿಧಾನವಾಗಿ ನಿಂತಿತು.

ಷಡಕ್ಷರಪ್ಪನವರು ಹಳೆಯ ಅಭ್ಯಾಸದಂತೆ ಮುಂದಿನ ಸಾಲಿನತ್ತ ತಿರುಗಿ ಗುರಾಯಿಸಿದರು. ಓಬಯ್ಯ ಆಗಲೇ ಎದ್ದು ನಿಂತು, ಶಾಲಿನ ಸಮೇತ ಎರಡೂ ಕೈ ಮೇಲೆತ್ತಿದ್ದರು.

"ನಾನಲ್ಲಪ್ಪಾ!"

ಗೋಡೆಯ ಸ್ವಿಚ್ ಬೋರ್ಡಿನ ಪಕ್ಕದಲ್ಲಿ ಮೊಗ್ಗಿನ ಜಡೆ ಹಾಕಿದ ಜಯಶೀಲಾ ನಿಂತಿದ್ದರು, ಕೈಯಲ್ಲಿ ಒಂದು ಜೊತೆ ಕೋಲು. ಅವರ ಹಿಂದೆ ಇನ್ನೂ ಒಂಬತ್ತು ಜನ ಸೆರಗು ಬಿಗಿದುಕೊಂಡು ಸಾಲಾಗಿ ಸ್ಟೇಜು ಹತ್ತುತ್ತಿದ್ದರು.

"ಇಳೀರಿ," ಎಂದರು ಜಯಶೀಲಾ. "ಮೊಗ್ಗು ಬಾಡ್ತಿದೆ."