ಐಸ್ ಪೆಟ್ಟಿಗೆಯಲ್ಲಿ ಭಜನೆ

ಕಾಪುವಿನಲ್ಲಿ ಮದುವೆ ವಿಡಿಯೋ ಅಂಗಡಿ ಇಟ್ಟವನಿಗೆ ನಗುವ ಸಂಗತಿಗಳಿಗೇನೂ ಬರವಿಲ್ಲ. ಮನೆಯ ಹಿಂದಿನ ಕೋಣೆಯಲ್ಲಿ ರೆಕಾರ್ಡಿಂಗ್ ಶುರುಮಾಡಿದ ಮೇಲಂತೂ ಅವು ವಿಳಾಸ ಕೇಳಿಕೊಂಡು ಬರತೊಡಗಿದವು.

ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿರಬಹುದು. ಎರ್ಮಾಳಿನ ಭಜನಾ ಮಂಡಳಿಯ ಮುಖ್ಯ ಗಾಯಕರಿಗೆ ಗಂಟಲಲ್ಲಿ ಗಂಟು. ಮಣಿಪಾಲದಲ್ಲಿ ಆಪರೇಷನ್ ಆಗಬೇಕು, ದನಿ ಮೊದಲಿನಂತೆ ಉಳಿಯುವ ಭರವಸೆ ಇಲ್ಲ ಎಂದಿದ್ದರು ಡಾಕ್ಟರು. "ಅದಕ್ಕೆ ಮೊದಲು ಒಮ್ಮೆ ಹಿಡಿದಿಡಿ ಮಾರಾಯ್ರೆ" ಎಂದು ಗಾಯಕರು ಕೇಳಿದಾಗ ನನ್ನ ಕಣ್ಣು ತುಂಬಿತು. ಆದರೆ ನನ್ನ ಕಂಪ್ಯೂಟರಿಗೆ ನೇರ ಮೈಕ್ ಚುಚ್ಚಿದರೆ ಹಾಡಿಗಿಂತ ಜಾಸ್ತಿ ಚುರ್ರ್ ಎನ್ನುವ ಸದ್ದೇ ಕೇಳುತ್ತಿತ್ತು. ಮೈಕಿನ ಸದ್ದನ್ನು ಶುದ್ಧವಾಗಿ ಕಂಪ್ಯೂಟರಿಗೆ ದಾಟಿಸುವ ಡಬ್ಬ, ಅಂದರೆ ಆಡಿಯೋ ಇಂಟರ್‌ಫೇಸ್ ಬೇಕೇ ಬೇಕಾಯಿತು.

ಎರಡು ತೂತು

ಆರಿಸಲು ಉಡುಪಿಗೆ ಹೊರಟರೆ ಮಂಡಳಿಯೇ ಬಸ್ಸು ಹತ್ತಿತು. ಅಂಗಡಿಯವರ ಹತ್ತಿರ ಇದ್ದದ್ದು ಬರೀ ಚಿತ್ರಗಳ ಪುಸ್ತಕ. ನಾನು ಎರಡು ಮೈಕ್ ಸಿಕ್ಕಿಸುವ ಡಬ್ಬದ ಚಿತ್ರ ತೋರಿಸಿದೆ.

"ನಾವು ಹತ್ತು ಜನ ಇದ್ದೇವೆ, ಇದರಲ್ಲಿ ಎರಡೇ ತೂತು ಉಂಟಲ್ಲ?" ಎಂದರು ಹಾರ್ಮೋನಿಯಂನವರು. ಗಾಯಕರ ಮುಖ ಸಪ್ಪೆಯಾಯಿತು.

ತಾಳದವರು ಸಮಾಧಾನ ಹೇಳಿದರು: "ಸಾಕು ಬಿಡಿ. ಒಂದು ಅವರಿಗೆ, ಒಂದು ನಮಗೆಲ್ಲ. ದೇವಸ್ಥಾನದಲ್ಲಿ ನಮಗೆ ಅದೂ ಸಿಗುವುದಿಲ್ಲ!"

ಗೋಡೆಗೆ ಚಳಿ

ಅಂಗಡಿಯವರು ತರಿಸಿಕೊಡಲು ತಿಂಗಳು ಬೇಕೆಂದರು. ದುಬೈಯಲ್ಲಿದ್ದ ನಮ್ಮ ಪಕ್ಕದ ಮನೆಯ ಬ್ಯಾರಿಯವರಿಗೆ ಫೋನ್ ಮಾಡಿದೆ. ರಜೆಗೆ ಬರುವಾಗ ಅದನ್ನು ಮಗುವಿನಂತೆ ದಪ್ಪ ಕಂಬಳಿಯಲ್ಲಿ ಸುತ್ತಿ ತಂದುಕೊಟ್ಟರು. ಹೆದ್ದಾರಿಯ ಲಾರಿ ಸದ್ದು ತಡೆಯಲು ಆ ಕಂಬಳಿಯನ್ನೂ ಕಿಟಕಿ ಬದಿಯ ಗೋಡೆಗೆ ಮೊಳೆ ಹೊಡೆದು ಬಿಗಿದೆ. ರೆಕಾರ್ಡಿಂಗ್ ಎಷ್ಟು ಚೆಂದ ಬಂತೆಂದರೆ ಆ ಪುಣ್ಯಾತ್ಮನಿಗೆ ಮನಸ್ಸಿನಲ್ಲೇ ಕೈಮುಗಿದೆ.

ವಾರ ಕಳೆದು ಬ್ಯಾರಿಯವರ ಹೆಂಡತಿ ಬಂದರು. ಗೋಡೆಯನ್ನೇ ನೋಡುತ್ತಾ ನಿಂತರು. "ನನಗೆ ತಂದ ಕಂಬಳಿ ಎಲ್ಲಿ ಅಂತ ಕೇಳಿದರೆ ಇವರು ಬಾಯಿ ಬಿಡುವುದಿಲ್ಲ. ಇಲ್ಲಿ ಉಂಟಾ?"

ನಾನು ಕೀಳಲು ಹೋದೆ. "ಬೇಡ, ಇರಲಿ" ಎಂದು ನಕ್ಕರು. "ನಿಮ್ಮ ಗೋಡೆಗೆ ನನಗಿಂತ ಜಾಸ್ತಿ ಚಳಿ ಅಲ್ವಾ?"

ಬಂಗುಡೆ ಜೊತೆ

ನನ್ನ ಕಂಪ್ಯೂಟರ್ ತುಂಬ ಬರೀ ಮದುವೆಗಳು. ಹಾಗಾಗಿ ಹೊರಗಿನಿಂದ ಸಿಕ್ಕಿಸುವ ಹಾರ್ಡ್‌ಡಿಸ್ಕ್ ಎರಡು ಕೊಂಡು, ಎರಡರಲ್ಲೂ ಭಜನೆ ತುಂಬಿಸಿದೆ. ಒಂದನ್ನು ಗಾಯಕರ ಹೆಂಡತಿಯ ಕೈಗೆ ಕೊಟ್ಟು, "ಬಿಸಿ ಆಗಬಾರದು, ತಂಪಾಗಿಡಿ" ಎಂದೆ.

ಆಪರೇಷನ್ನಿನ ಹಿಂದಿನ ಸಂಜೆ ಸಿಡಿಲು ಬಡಿದು ನನ್ನ ಕಂಪ್ಯೂಟರೂ ಅದಕ್ಕೆ ಸಿಕ್ಕಿಸಿದ್ದ ಹಾರ್ಡ್‌ಡಿಸ್ಕೂ ಸುಟ್ಟವು. ಇನ್ನು ಉಳಿದದ್ದು ಗಾಯಕರ ಮನೆಯಲ್ಲಿದ್ದ ಒಂದೇ. ಎರ್ಮಾಳಿಗೆ ಓಡಿದೆ.

"ತಂಪಾಗಿಯೇ ಉಂಟು" ಎಂದು ಆಕೆ ಮೀನಿನ ಐಸ್ ಪೆಟ್ಟಿಗೆ ತೆರೆದರು. ಬಂಗುಡೆಗಳ ನಡುವೆ, ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಿದ ನನ್ನ ಹಾರ್ಡ್‌ಡಿಸ್ಕ್! ಒಂದು ದಿನ ಒಣಗಿಸಿ, ದೇವರನ್ನು ನೆನೆದು ಗೆಳೆಯನ ಕಂಪ್ಯೂಟರಿಗೆ ಸಿಕ್ಕಿಸಿದೆ. ಅಷ್ಟೂ ಭಜನೆ ಹಾಗೆಯೇ ಇತ್ತು! ಆಕೆಯ ಕಾಲಿಗೆ ಬೀಳುವುದೊಂದು ಬಾಕಿ. ಗೆಳೆಯ ಮಾತ್ರ ಮೂಗು ಮುಚ್ಚಿಕೊಂಡು ಕೇಳಿದ: "ಇದು ದೇವರ ಪದವಾ, ಮಧ್ಯಾಹ್ನದ ಊಟವಾ?"

ಬಾಯಿಗೆ ರಜೆ

ಆಪರೇಷನ್ ಚೆನ್ನಾಗಿ ಆಯಿತು. ದನಿ ಉಳಿಯುತ್ತದೆ, ಆದರೆ ಎರಡು ವಾರ ಒಂದಕ್ಷರ ಮಾತಾಡಬಾರದು ಎಂದರು ಡಾಕ್ಟರು. ಆ ಖುಷಿಗೆ ನಾನು ಭಜನೆಯನ್ನು ಸಿಡಿಗೆ ಹಾಕಿ, ಒಂದು ಪ್ಲೇಯರನ್ನೂ ಅವರ ಮನೆಗೆ ಮುಟ್ಟಿಸಿದೆ. ಗಾಯಕರು ಮಾತಿಲ್ಲದೆ ನನ್ನ ಎರಡೂ ಕೈ ಹಿಡಿದುಕೊಂಡು ಅತ್ತರು. ನಾನೂ ಅತ್ತೆ.

ಮೂರನೇ ದಿನ ಅವರ ಹೆಂಡತಿ ಬಸ್ಸು ಹಿಡಿದು ಅಂಗಡಿಗೇ ಬಂದರು.

"ನಿಮ್ಮ ಉಪಕಾರ ಮರೆಯುವುದಿಲ್ಲ. ದೇವರು ದೊಡ್ಡವನು, ಅವರ ದನಿ ಉಳಿಯಿತು. ಆದರೆ ಆ ಪ್ಲೇಯರನ್ನು ಒಮ್ಮೆ ವಾಪಸ್ ತೆಗೆದುಕೊಳ್ಳಿ ಮಾರಾಯ್ರೆ."

"ಎಂತ ಆಯಿತು? ಹಾಳಾಯಿತಾ?"

"ಹಾಳಾಗಿದ್ದರೆ ಒಳ್ಳೆಯದಿತ್ತು! ಮೊದಲು ಒಂದು ಲೋಟ ಕಾಫಿ ಕೊಟ್ಟರೆ ಅದು ಮುಗಿಯುವ ತನಕವಾದರೂ ಹಾಡು ನಿಲ್ಲುತ್ತಿತ್ತು. ಈಗ ಕಾಫಿಯನ್ನೂ ಕುಡಿಯುತ್ತಾರೆ, ಹಾಡೂ ನಿಲ್ಲುವುದಿಲ್ಲ!"