ಇಲ್ಲದ ಸಂಕಕ್ಕೊಂದು ಸನ್ಮಾನ

ಮೈಕ್ ಕಟ್ಟುವವನ ಕಣ್ಣೆದುರು ಇಲ್ಲದ್ದಕ್ಕೆ ಸನ್ಮಾನ ಮಾಡುವಂಥ ಪ್ರಸಂಗಗಳು ವರ್ಷವಿಡೀ ನಡೆಯುತ್ತಲೇ ಇರುತ್ತವೆ. ಯಾಕೆಂದರೆ ಅವನು ಕೂತುಕೊಳ್ಳುವುದು ವೇದಿಕೆಯ ಹಿಂದೆ. ಮುಂದೆ ಕೂತವರಿಗೆ ಕಾಣದ್ದೆಲ್ಲ ಅವನಿಗೆ ಕಾಣುತ್ತದೆ. ನಾನು ಮಂಗಳೂರಿನಲ್ಲಿ ಐವತ್ತು ವರ್ಷ ಮೈಕ್ ಕಟ್ಟಿದವನು. ಶಾಲೆಯ ಬೆಂಚು ನನ್ನಿಂದ ಬಿಸಿಯಾದದ್ದಿಲ್ಲ. ಅಕ್ಷರ ಕಲಿತದ್ದು ಬ್ಯಾನರ್ ಕಟ್ಟಿ ಕಟ್ಟಿ. ಹಾಗಾಗಿ ನಾನು ಮೊದಲು ಓದಿದ್ದು 'ಅ ಆ ಇ ಈ' ಅಲ್ಲ, 'ಸರ್ವರಿಗೂ ಆದರದ ಸ್ವಾಗತ'. ಆದರೆ ನನ್ನ ಮೈಕಿನ ತಾಕತ್ತು ಎಂಥದ್ದೆಂದರೆ, ಜೆಪ್ಪುವಿನಲ್ಲಿ ನಿಂತು ನಾನು 'ಹಲೋ' ಎಂದರೆ ಸಮುದ್ರದಲ್ಲಿ ಬಲೆ ಬೀಸುವವರು 'ಎಂತ?' ಎಂದು ತಿರುಗಿ ಕೇಳುತ್ತಿದ್ದರು. ನಂಬಿಕೆ ಬಾರದಿದ್ದರೆ ಆ ಬೋಟಿನವರನ್ನೇ ವಿಚಾರಿಸಬಹುದು. ಅವರಲ್ಲಿ ಈಗ ಯಾರೂ ಉಳಿದಿಲ್ಲ, ಅದು ನನ್ನ ತಪ್ಪಲ್ಲ.

ಇಷ್ಟು ದೊಡ್ಡ ಸ್ವರ ಇಟ್ಟುಕೊಂಡೂ, ನಮ್ಮ ಓಣಿಯ ಒಂದೇ ಒಂದು ಮಾತನ್ನು ನಮ್ಮ ಕಾರ್ಪೊರೇಟರರ ಕಿವಿಗೆ ಮುಟ್ಟಿಸಲಿಕ್ಕೆ ನನಗೆ ಆರು ವರ್ಷ ಹಿಡಿಯಿತು.

೧. ಕುರ್ಚಿಯ ನಾಲ್ಕನೇ ಕಾಲು

ನಮ್ಮ ಓಣಿಗೂ ಮುಖ್ಯ ರಸ್ತೆಗೂ ನಡುವೆ ಒಂದು ದೊಡ್ಡ ಚರಂಡಿ. ಅದನ್ನು ದಾಟಲಿಕ್ಕೆ ಕಲ್ಲಿನ ಸಂಕ ಇತ್ತು, ಆಟೊ ಬರುವಷ್ಟು ಅಗಲದ ಕಿರುಸೇತುವೆ. ಒಂದು ಮಳೆಗಾಲದಲ್ಲಿ ಅದು ಕುಸಿದು ಬಿತ್ತು. ನಾವು ಬದಿಯಲ್ಲಿ ಎರಡು ತೆಂಗಿನ ಮರ ಉದ್ದಕ್ಕೆ ಹಾಕಿ ದಾಟಲು ಶುರು ಮಾಡಿದೆವು. ಅದೇ ವರ್ಷ ಚುನಾವಣೆ. 'ಗೆದ್ದ ಎರಡೇ ತಿಂಗಳಲ್ಲಿ ಹೊಸ ಸಂಕ' ಎಂದು ಕಾರ್ಪೊರೇಟರ್ ಹೇಳಿದರು, ನನ್ನದೇ ಮೈಕಿನಲ್ಲಿ. ಗೆದ್ದರು. ನಾಲ್ಕು ವರ್ಷ ಕಳೆಯಿತು. ತೆಂಗಿನ ಮರ ಮಾತ್ರ ತನ್ನ ಕೆಲಸ ಬಿಡದೆ ಮಾಡಿತು.

ಆಗಲೇ ಎದುರುಮನೆಯ ಡ್ರೈವರಣ್ಣನ ಕಿಡ್ನಿ ಕೈಕೊಟ್ಟಿತು. ಮೂವತ್ತು ವರ್ಷ ಸಿಟಿ ಬಸ್ಸು ಓಡಿಸಿದ ಮನುಷ್ಯ. ವಾರಕ್ಕೆ ಮೂರು ದಿನ ಡಯಾಲಿಸಿಸ್. ಕಾಲಿನಲ್ಲಿ ಬಲ ಇಲ್ಲ, ಮರದ ಮೇಲೆ ನಡೆಯುವಂತಿಲ್ಲ. ಅವರ ಹೆಂಡತಿ ಬೀಡಿ ಕಟ್ಟುವವರು. ನನಗಿಂತ ಹದಿನೈದು ವರ್ಷ ಚಿಕ್ಕವರಾದರೂ ನನಗೂ ಸೇರಿ ಇಡೀ ಓಣಿಗೆ ಅವರು ಬೀಡಿ ಅಕ್ಕ. ನಾವು ನಾಲ್ಕು ಜನ ಡ್ರೈವರಣ್ಣನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಒಬ್ಬೊಬ್ಬರು ಒಂದೊಂದು ಕಾಲು ಹಿಡಿದು ದಾಟಿಸುತ್ತಿದ್ದೆವು. ಎಪ್ಪತ್ತಾರರ ವಯಸ್ಸಿನಲ್ಲೂ ಮುಂದಿನ ಎಡಗಾಲು ನನ್ನದೇ.

ಒಂದು ದಿನ ಡ್ರೈವರಣ್ಣನನ್ನು ವಾಪಸ್ಸು ಕರೆತರುವಾಗ ಕಾರ್ಪೊರೇಟರ್ ರಸ್ತೆಯ ಬದಿಗೆ ನೋಡಲು ಬಂದರು. ಕಣ್ಣಲ್ಲಿ ನೀರೇ ತಂದುಕೊಂಡರು. 'ಇವತ್ತು ಒಂದು ಕಾಲು ನಾನು ಹಿಡಿಯುತ್ತೇನೆ' ಎಂದು ಹಿಂದಿನ ಬಲಗಾಲು ಹಿಡಿದೇ ಬಿಟ್ಟರು. ಅವರ ಪಿಎ ಫೋಟೊ ತೆಗೆದ. ಮುಂದಿನ ನಾವಿಬ್ಬರು ಮರದ ಮೇಲೆ, ಅವರು ಇನ್ನೂ ದಡದಲ್ಲೇ ಇರುವಾಗ ಫೋಟೊ ಚೆನ್ನಾಗಿ ಬಂತು ಎಂದು ಪಿಎ ಹೇಳಿದ. ಕಾರ್ಪೊರೇಟರ್ ಅದನ್ನು ನೋಡಲಿಕ್ಕೆ ಕೈ ಬಿಟ್ಟರು.

ನಾನಿದ್ದೆ, ಹಾಗಾಗಿ ಕುರ್ಚಿ ಉಳಿಯಿತು. ಆ ಕಡೆ ಮುಟ್ಟಿದ ಮೇಲೆ ಡ್ರೈವರಣ್ಣ ನಿಧಾನಕ್ಕೆ ಉಸಿರು ಬಿಟ್ಟು ಹೇಳಿದರು: "ಮೂವತ್ತು ವರ್ಷದಲ್ಲಿ ನನ್ನ ಬಸ್ಸು ಯಾವ ತಿರುವಿನಲ್ಲೂ ಇಷ್ಟು ಓರೆ ಹೋದದ್ದಿಲ್ಲ ಮಾರಾಯ್ರೆ."

೨. ಅರ್ಜಿಗೆ ಬಂದ ಅತಿಥಿ

ಇನ್ನು ಬಾಯಿಮಾತು ಸಾಲದು, ಅರ್ಜಿ ಕೊಡುವುದು ಎಂದು ಓಣಿಯವರು ತೀರ್ಮಾನ ಮಾಡಿದರು. ನಿವೃತ್ತ ಮೇಷ್ಟ್ರೊಬ್ಬರು ಚಂದ ಮಾಡಿ ಬರೆದರು. ಹತ್ತು ಜನ ಒಟ್ಟಾಗಿ ಕಾರ್ಪೊರೇಟರರ ಮನೆಗೆ ಹೋದೆವು. ಅವರು ಇರಲಿಲ್ಲ, ಒಂದು ಗೃಹಪ್ರವೇಶ, ಎರಡು ಮದುವೆ, ಒಂದು ವಾಲಿಬಾಲ್ ಪಂದ್ಯ ಮುಗಿಸಿ ಬರಬೇಕಿತ್ತು. ಪಿಎ ಡೈರಿ ಹಿಡಿದು ಕೂತಿದ್ದ.

ನಾನು ಅರ್ಜಿ ಕೊಡಬೇಕು ಎನ್ನುವಾಗ ನಮ್ಮವರಲ್ಲೊಬ್ಬ ಚೀಲದಿಂದ ಮಗಳ ಮದುವೆಯ ಕಾರ್ಡು ತೆಗೆದ. ಹೇಗೂ ಬಂದಾಯಿತಲ್ಲ ಎಂದ. ಇನ್ನೊಬ್ಬನದ್ದು ಮೊಮ್ಮಗುವಿನ ನಾಮಕರಣ. ಮತ್ತೊಬ್ಬನದ್ದು ಭಜನಾ ಮಂದಿರದ ವಾರ್ಷಿಕೋತ್ಸವ. ನೋಡಿದರೆ ಹತ್ತು ಜನರಲ್ಲಿ ಆರು ಜನರ ಚೀಲದಲ್ಲಿ ಕಾರ್ಡು. ಅರ್ಜಿ ಅವುಗಳ ನಡುವೆ ಎಲ್ಲೋ ಸೇರಿಹೋಯಿತು.

ಬಂದ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಕಾರ್ಪೊರೇಟರರ ಕಾರು ಚರಂಡಿಯ ಆಚೆ ಬಂದು ನಿಂತಿತು. ಇಸ್ತ್ರಿ ಮಾಡಿದ ಬಿಳಿ ಪಂಚೆ, ಕೈಯಲ್ಲಿ ಹೂಗುಚ್ಛ. ಅರ್ಜಿಯಲ್ಲಿ 'ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸ್ಥಳಕ್ಕೆ ಬಂದು ನೋಡಬೇಕಾಗಿ ವಿನಂತಿ' ಎಂದು ಮೇಷ್ಟ್ರು ಬರೆದದ್ದನ್ನು ಪಿಎ ಕಾರ್ಯಕ್ರಮದ ಪಟ್ಟಿಯಲ್ಲಿ ಬರೆದುಕೊಂಡಿದ್ದ. ಅವರು ಆಚೆ ಈಚೆ ನೋಡಿ ನನ್ನನ್ನು ಕೇಳಿದರು: "ಅಜ್ಜ, ಚಪ್ಪರ ಎಲ್ಲಿ ಉಂಟು?"

ನಾನು ಬಿದ್ದ ಸಂಕ ತೋರಿಸಿದೆ. ಅವರು ತಲೆಯಾಡಿಸಿದರು, ಹೂಗುಚ್ಛ ನನ್ನ ಕೈಗೆ ಕೊಟ್ಟು ಮುಂದಿನ ಮದುವೆಗೆ ಹೋದರು.

ಆ ಹೂ ಹಿಡಿದುಕೊಂಡು ನಾನು ತುಂಬ ಹೊತ್ತು ನಿಂತಿದ್ದೆ. ನಗು ಬಂತು, ಆಮೇಲೆ ನಿಂತಿತು. ಈ ಮನುಷ್ಯ ಬರುವುದಿಲ್ಲ ಎಂದು ಹೇಳುವ ಹಾಗೇ ಇಲ್ಲ. ಕರೆದಲ್ಲಿಗೆಲ್ಲ ಬರುತ್ತಾರೆ. ನಾವು ಅವರನ್ನು ಕರೆದದ್ದೇ ಊಟಕ್ಕೆ. ನನ್ನ ಮಗಳ ಮದುವೆಗೆ ಅವರು ಬಂದು ಫೋಟೊದಲ್ಲಿ ನಿಂತರು ಎಂದು ನಾನೇ ಎರಡು ವರ್ಷ ಊರಿಡೀ ಹೇಳಿಕೊಂಡು ತಿರುಗಿದವನು. ಚರಂಡಿಯ ವಿಷಯ ಆ ದಿನ ಎತ್ತಲು ಹೋದವನ ಬಾಯಿಯನ್ನು 'ಈಗ ಯಾಕೆ ಅದು, ಪಾಯಸ ಬಡಿಸು' ಎಂದು ಮುಚ್ಚಿಸಿದ್ದೂ ನಾನೇ.

ಆ ಹೂಗುಚ್ಛವನ್ನು ಬೀಡಿ ಅಕ್ಕನಿಗೆ ಕೊಟ್ಟೆ. ಯಾರ ಕಾರ್ಯಕ್ರಮದ್ದು ಎಂದು ಕೇಳಿದರು. "ನಿಮ್ಮ ಗಂಡನ ಕಿಡ್ನಿಯದ್ದು" ಎಂದೆ.

೩. ಅದೇ ಭಾಷಣ, ಅದೇ ಕೆಮ್ಮು

ಮತ್ತೆ ಚುನಾವಣೆ ಬಂತು. ನಮ್ಮ ಮೈದಾನದಲ್ಲಿ ಸಂಜೆ ದೊಡ್ಡ ಸಭೆ. ಮೈಕ್ ನನ್ನದು ಎಂದು ಬೇರೆ ಹೇಳಬೇಕಾಗಿಲ್ಲ. ಸಭೆಗೆ ಅರ್ಧ ಗಂಟೆ ಇರುವಾಗ ಕಾರ್ಪೊರೇಟರರ ಸ್ವರ ಪೂರ್ತಿ ಕೂತುಹೋಯಿತು. ಬಾಯಿ ತೆರೆದರೆ ಬರೀ ಗಾಳಿ. ಪಿಎ ಅಳುವುದೊಂದು ಬಾಕಿ.

ನನಗೊಂದು ಅಭ್ಯಾಸ ಉಂಟು. ಮೆಷಿನ್ ಸರಿ ಇದೆಯಾ ಎಂದು ನೋಡಲಿಕ್ಕೆ ಎಲ್ಲ ಭಾಷಣವನ್ನೂ ರೆಕಾರ್ಡ್ ಮಾಡಿ ಪೆನ್‌ಡ್ರೈವಿನಲ್ಲಿ ಇಡುತ್ತೇನೆ. ಐದು ವರ್ಷ ಹಿಂದಿನ ಇದೇ ಮೈದಾನದ ಇವರದೇ ಭಾಷಣ ನನ್ನ ಕಿಸೆಯಲ್ಲಿತ್ತು. ಮೈಕಿನ ಎದುರು ನಿಂತು ಬಾಯಿ ಆಡಿಸಿ, ಉಳಿದದ್ದು ನನಗೆ ಬಿಡಿ ಎಂದೆ. ಅವರು ಬೇಡ ಎನ್ನಲಿಲ್ಲ. ಎನ್ನಲಿಕ್ಕೆ ಸ್ವರ ಎಲ್ಲಿತ್ತು.

ನಲವತ್ತು ನಿಮಿಷ ಅವರು ಕೈ ಎತ್ತಿದರು, ಎದೆ ತಟ್ಟಿದರು, ಬಾಯಿ ಆಡಿಸಿದರು. ಪೆನ್‌ಡ್ರೈವ್ ಮಾತಾಡಿತು. ಸಂಕ ಮಾಡುತ್ತೇವೆ, ಬೀದಿದೀಪ ಹಾಕುತ್ತೇವೆ, ನಳ್ಳಿಯಲ್ಲಿ ದಿನಾ ನೀರು ಬರುತ್ತದೆ. ಒಂದು ಶಬ್ದವನ್ನೂ ಬದಲಾಯಿಸಬೇಕಾಗಿ ಬರಲಿಲ್ಲ, ಯಾಕೆಂದರೆ ಒಂದು ಕೆಲಸವೂ ಆಗಿರಲಿಲ್ಲ. ಜನ ಅದೇ ಜಾಗಗಳಲ್ಲಿ ಚಪ್ಪಾಳೆಯನ್ನೂ ತಟ್ಟಿದರು. ಒಂದೇ ಕಡೆ ನನ್ನ ಜೀವ ಹೋಯಿತು: ಮೂರು ವರ್ಷ ಹಿಂದೆ ತೀರಿಕೊಂಡ ಹಿರಿಯರೊಬ್ಬರನ್ನು 'ನಮ್ಮ ನಡುವೆ ಕೂತಿರುವ' ಎಂದು ಭಾಷಣ ಹೊಗಳಿತು. ವೇದಿಕೆಯಲ್ಲಿದ್ದ ಅವರ ಮಗ ಎದ್ದು ಕೈ ಮುಗಿದ. ಜನ ಅದಕ್ಕೂ ಚಪ್ಪಾಳೆ ತಟ್ಟಿದರು.

ಅವರು ಮತ್ತೆ ಗೆದ್ದರು. ನಾನು ಈ ಕಥೆಯನ್ನು ಎಷ್ಟೋ ಕಡೆ ಹೇಳಿ ನಗಿಸಿದ್ದೇನೆ. ಪ್ರತಿ ಸಲವೂ ಭಾಷಣ ಹತ್ತು ನಿಮಿಷ ಉದ್ದವಾಗುತ್ತದೆ. ಆದರೆ ಆಮೇಲಿನ ಮಳೆಗಾಲದ ಒಂದು ಬೆಳಿಗ್ಗೆಯ ಸಂಗತಿಯನ್ನು ಹೆಚ್ಚಿಸಿ ಹೇಳುವ ಧೈರ್ಯ ನನಗಿಲ್ಲ. ಚರಂಡಿಯ ನೀರು ತೆಂಗಿನ ಮರದ ಮೇಲೇ ಹರಿಯುತ್ತಿತ್ತು. ಕುರ್ಚಿ ದಾಟಿಸಲು ಆಗಲಿಲ್ಲ. ಡ್ರೈವರಣ್ಣನ ಡಯಾಲಿಸಿಸ್ ಆ ದಿನ ತಪ್ಪಿತು. ಸಂಜೆಯಾಗುವಾಗ ಕಾಲು ಬಾತಿತ್ತು, ಉಸಿರು ಎಳೆಯುತ್ತಿದ್ದರು. ಬೀಡಿ ಅಕ್ಕ ಮೊರವನ್ನು ಬದಿಗಿಟ್ಟು, ಒಂದು ಬೀಡಿಯೂ ಕಟ್ಟದೆ, ನೀರು ಇಳಿಯುವುದನ್ನೇ ನೋಡುತ್ತ ಕೂತಿದ್ದರು. ಅವರಿಗೆ ಸಮಾಧಾನ ಹೇಳಲು ಹೋದೆ. ನಾನು ಮಾಡಿದ್ದನ್ನು ಆಗಿನ್ನೂ ಯಾರಿಗೂ ಬಾಯಿಬಿಟ್ಟಿರಲಿಲ್ಲ, ಆದರೂ ಅವರು ಮುಖ ತಿರುಗಿಸದೆ ಹೇಳಿದರು:

"ಹೋದ ಚುನಾವಣೆಯಲ್ಲಿ 'ಸಂಕ' ಎಂದು ಹೇಳಿ ಎರಡು ಸಲ ಕೆಮ್ಮಿದ್ದರು. ಈ ಸಲವೂ ಅಲ್ಲೇ ಎರಡು ಸಲ ಕೆಮ್ಮಿದರು. ಅಷ್ಟು ಒಳ್ಳೆಯ ಮೆಷಿನ್ ನಿಮ್ಮದು ಅಜ್ಜ."

೪. ಕಾವೂರಿಗೆ ಹೋದ ಮೂವತ್ತು ಕಾರ್ಡು

ಮರುದಿನ ನೀರು ಇಳಿದ ಮೇಲೆ ಡ್ರೈವರಣ್ಣನನ್ನು ಆಸ್ಪತ್ರೆಗೆ ಮುಟ್ಟಿಸಿದೆವು, ಜೀವ ಉಳಿಯಿತು. ಆದರೆ ಆ ಮಾತು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ. ಮಳೆಗಾಲ ಮುಗಿದು, ಮತ್ತೊಂದು ಬರುವ ಮೊದಲು ಏನಾದರೂ ಮಾಡಲೇಬೇಕಿತ್ತು. ಕಡೆಗೆ ಒಂದು ಉಪಾಯ ಹೊಳೆಯಿತು. ನನಗೇ ಹೊಳೆದದ್ದು. ಬೀಡಿ ಅಕ್ಕ ಅದನ್ನು ನನಗಿಂತ ಸ್ವಲ್ಪ ಮೊದಲು ಹೇಳಿದರು, ಅಷ್ಟೆ.

ಈ ಮನುಷ್ಯನಿಗೆ ಅರ್ಜಿ ಓದಲು ಬರುವುದಿಲ್ಲ, ಕಾರ್ಡು ಓದಲು ಬರುತ್ತದೆ. ಹಾಗಾದರೆ ಕಾರ್ಡನ್ನೇ ಮಾಡಿಸುವುದು. ಮೇ ತಿಂಗಳ ಕೊನೆಯ ಭಾನುವಾರ, ನಮ್ಮ ಓಣಿಗೆ ಹೊಸ ಸಂಕ ಕಟ್ಟಿಸಿಕೊಟ್ಟ ಕಾರ್ಪೊರೇಟರರಿಗೆ ಸಾರ್ವಜನಿಕ ಸನ್ಮಾನ. ಸ್ಥಳ: ನೂತನ ಸಂಕದ ಮೇಲೆ. ಎರಡು ತಿಂಗಳು ಮೊದಲೇ ಹಂಚಿದೆವು. ಪೇಪರಿನವರಿಗೆ ಕೊಟ್ಟೆವು, ಅವರ ಪಕ್ಷದವರಿಗೆ ಕೊಟ್ಟೆವು, ಎದುರು ಪಕ್ಷದವರ ಮನೆಗೆ ಖುದ್ದು ಹೋಗಿ ಕೊಟ್ಟೆವು. ಕಾರ್ಪೊರೇಟರರ ಹೆಂಡತಿಯ ತವರು ಕಾವೂರಿನಲ್ಲಿ. ಅಲ್ಲಿಗೆ ಮೂವತ್ತು ಕಾರ್ಡು ತೆಗೆದುಕೊಂಡು ನಾನೇ ಬಸ್ಸಿನಲ್ಲಿ ಹೋದೆ. ಅತ್ತೆಯವರಿಗೆ ಬಹಳ ಸಂತೋಷವಾಯಿತು. ಅಳಿಯ ಏನೋ ಒಂದು ಕೆಲಸ ಮಾಡಿದರಲ್ಲ ಎಂದರು.

ಮಾರನೇ ದಿನವೇ ಕಾರ್ಪೊರೇಟರರ ಫೋನು ಬಂತು.

"ಎಂತ ಅಜ್ಜ ಇದು? ಸಂಕ ಎಲ್ಲಿ ಉಂಟು?"

"ಅದು ನಿಮಗೆ ಗೊತ್ತಿರಬೇಕು. ಕಟ್ಟಿಸಿದವರು ನೀವು."

ಮುಂದಕ್ಕೆ ಹಾಕುವ ಎಂದರು. ಹಾಕಬಹುದು, ಆದರೆ ನಿಮ್ಮ ಅತ್ತೆಯವರು ಕಾಟಿಪಳ್ಳದ ನೆಂಟರಿಗೂ ಹೇಳಿ ಆಗಿದೆಯಂತೆ ಎಂದೆ. ಆ ಕಡೆ ಫೋನು ಇಟ್ಟರು.

ಆರು ವರ್ಷ ಸಿಗದ ಫೈಲು ಎರಡು ದಿನದಲ್ಲಿ ಸಿಕ್ಕಿತು. ಎಂಜಿನಿಯರ್ ಬಂದರು, ಜೆಸಿಬಿ ಬಂತು, ಕಂಬಿ ಕಟ್ಟಿದರು. ಆದರೂ ಸರಕಾರದ ಕೆಲಸವಲ್ಲವೇ, ಕಾಂಕ್ರೀಟ್ ಬಿದ್ದದ್ದು ಸನ್ಮಾನಕ್ಕೆ ನಾಲ್ಕೇ ದಿನ ಇರುವಾಗ. ಎಂಜಿನಿಯರ್ ಅದರ ಮೇಲೆ ಒದ್ದೆ ಗೋಣಿ ಹಾಸಿ, ಹದಿನೈದು ದಿನ ಇದರ ಮೇಲೆ ಬೆಕ್ಕು ಕೂಡ ನಡೆಯಬಾರದು ಎಂದು ಹೇಳಿ ಹೋದರು.

ಸಂಕದ ಮೇಲೆ ಸನ್ಮಾನ ಮಾಡುವ ಹಾಗಿಲ್ಲ. ಚಪ್ಪರ ಹಾಕಲು ಜಾಗ ಇರುವುದು ಓಣಿಯ ಒಳಗೆ, ಬೀಡಿ ಅಕ್ಕನ ಅಂಗಳದಲ್ಲಿ. ಕಾರುಗಳೆಲ್ಲ ಬಂದು ನಿಂತದ್ದು ಚರಂಡಿಯ ಆಚೆ. ನಡುವೆ ದಾಟಲಿಕ್ಕೆ ಇದ್ದದ್ದು ತೆಂಗಿನ ಮರ ಎರಡೇ.

ಕಾರ್ಪೊರೇಟರ್ ಮರವನ್ನು ನೋಡಿ, ಶಾಲು ಇಲ್ಲೇ ತನ್ನಿ ಅಜ್ಜ ಎಂದರು. ಅಷ್ಟರಲ್ಲಿ ಅವರ ಅತ್ತೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಸರಸರ ದಾಟಿ ಬಂದೇ ಬಿಟ್ಟರು. ಗದ್ದೆಯ ಹುಣಿಯಲ್ಲಿ, ಅಂಗೈ ಅಗಲದ ಬದುವಿನ ಮೇಲೆ ನಡೆದು ಬೆಳೆದವರು. ಈಚೆ ನಿಂತು ತಿರುಗಿ ಕರೆದರು: "ಬನ್ನಿ ಅಳಿಯಂದಿರೇ. ಎಂತ ನಿಂತದ್ದು?"

ಅತ್ತೆ ಕರೆದ ಮೇಲೆ ನಿಲ್ಲುವುದುಂಟೆ? ನಾಲ್ಕು ಹೆಜ್ಜೆ ಇಟ್ಟರು. ಐದನೆಯದು ಬರಲಿಲ್ಲ. ಮರದ ಮೇಲೆ ಕುದುರೆ ಏರಿದ ಹಾಗೆ ಕೂತು, ಇಂಚಿಂಚೇ ಜಾರುತ್ತ ಬಂದರು. ಮುಟ್ಟುವಾಗ ಬಿಳಿ ಪಂಚೆ ಪಾಚಿ ಬಣ್ಣಕ್ಕೆ ತಿರುಗಿತ್ತು. ನಾನು ಮೈಕಿನಲ್ಲಿ 'ಇದೀಗ ನಮ್ಮ ಕಾರ್ಪೊರೇಟರರು ಆಗಮಿಸುತ್ತಿದ್ದಾರೆ' ಎಂದು ಹನ್ನೊಂದು ಸಲ ಹೇಳಿದೆ. ಅಷ್ಟು ಹೊತ್ತು ಹಿಡಿಯಿತು.

ಶಾಲು ಹೊದೆಸಿದೆವು, ಪೇಟ ಇಟ್ಟೆವು, ಹಣ್ಣಿನ ಬುಟ್ಟಿ ಕೊಟ್ಟೆವು. ಎಲ್ಲ ಮುಗಿದರೂ ಅವರು ಏಳಲಿಲ್ಲ. ವಾಪಸ್ಸು ಹೋಗಲಿಕ್ಕೂ ಅದೇ ಮರವಲ್ಲವೇ. ಬೀಡಿ ಅಕ್ಕನ ಜಗಲಿಯಲ್ಲಿ ಕೂತೇ ಬಿಟ್ಟರು. ಪಕ್ಕದಲ್ಲಿ ಡ್ರೈವರಣ್ಣ. ಅವರ ಕಡೆ ತಿರುಗಿ, ನೀವು ವಾರಕ್ಕೆ ಮೂರು ಸಲ ಇದನ್ನು ದಾಟುವುದಾ ಎಂದು ಕೇಳಿದರು.

"ಆರು ಸಲ," ಎಂದರು ಡ್ರೈವರಣ್ಣ. "ವಾಪಸ್ಸು ಬರಬೇಕಲ್ಲ."

ಕಾರ್ಪೊರೇಟರ್ ಪೇಟ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ಓಣಿಯವರು ಒಬ್ಬೊಬ್ಬರಾಗಿ ಬಂದರು. ಒಬ್ಬಳ ವಿಧವಾ ಪಿಂಚಣಿ ನಿಂತಿದೆ, ಮೂಲೆಯ ದೀಪ ಉರಿಯುವುದಿಲ್ಲ, ನಳ್ಳಿಯಲ್ಲಿ ಗಾಳಿ ಬರುತ್ತದೆ. ಡೈರಿ ಪಿಎಯ ಕೈಯಲ್ಲಿತ್ತು, ಪಿಎ ಚರಂಡಿಯ ಆಚೆ ಇದ್ದ. ಹಾಗಾಗಿ ಅವರೇ ಪೆನ್ನು ಕೇಳಿ ಸನ್ಮಾನದ ಕಾರ್ಡಿನ ಹಿಂದೆ ಎಲ್ಲವನ್ನೂ ಬರೆದುಕೊಂಡರು. ಮೂರು ಗಂಟೆ ಎದ್ದು ಹೋಗದೆ ಕೇಳಿದರು. ಅವರ ಕೈಬರಹವನ್ನು ನಾನು ಮೊದಲ ಸಲ ನೋಡಿದ್ದು, ನನ್ನದೇ ಚಂದ. ಕೆಟ್ಟ ಮನುಷ್ಯ ಅಲ್ಲ ಎಂದು ನನಗೆ ಆ ದಿನ ಅನ್ನಿಸಿತು. ಹೀಗೆ ಅವರನ್ನು ಹಿಡಿದು ಕೂರಿಸಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಕಡೆಗೆ ಅತ್ತೆಯೇ ಕೈ ಹಿಡಿದು ದಾಟಿಸಿದರು.

ಮಳೆ ಬರುವ ಹೊತ್ತಿಗೆ ಸಂಕ ಗಟ್ಟಿಯಾಗಿತ್ತು. ಡ್ರೈವರಣ್ಣನ ಮನೆಬಾಗಿಲಿಗೇ ಆಟೊ ಬಂತು. ಎರಡು ಸಲ ಹಾರ್ನ್ ಹೊಡೆಸಿ, ಮೂವತ್ತು ವರ್ಷದ ಗತ್ತಿನಲ್ಲಿ ಅವರು ಹತ್ತಿ ಕೂತರು. ನಾನು ಬೇರೆ ಕಡೆ ನೋಡಿದೆ. ಕಣ್ಣಿಗೆ ಏನೋ ಬಿದ್ದಿತ್ತು.

ಅದೇ ವಾರ ಹಳೆಯ ತೆಂಗಿನ ಮರ ತೆಗೆಯಲು ಕೆಲಸದವರು ಬಂದರು. ಬೀಡಿ ಅಕ್ಕ ಮೊರ ಹಿಡಿದುಕೊಂಡೇ ಹೊರಗೆ ಬಂದು ತಡೆದರು. ಸಂಕ ಆಯಿತಲ್ಲ ಅಕ್ಕ, ಇನ್ನು ಈ ಮರ ಎಂತಕ್ಕೆ ಎಂದು ಕೆಲಸದವರು ಕೇಳಿದರು.

"ಸಂಕ ನಾವು ಹೋಗಲಿಕ್ಕೆ," ಎಂದರು ಅಕ್ಕ. "ಮರ ಅಲ್ಲೇ ಇರಲಿ. ಅದು ಕಾರ್ಪೊರೇಟರರು ಬರಲಿಕ್ಕೆ."