ಎದೆಯೊಳಗಿನ ತೊಗರಿಕಾಳು

ಹೆಮ್ಮೆಪಡಲು ಮನುಷ್ಯನಿಗೆ ದೊಡ್ಡ ಕಾರಣವೇನೂ ಬೇಕಿಲ್ಲ. ಒಬ್ಬರು ತಮ್ಮ ಮೀಸೆಯ ಬಗ್ಗೆ ಬೀಗುತ್ತಾರೆ, ಇನ್ನೊಬ್ಬರು ಅಳಿಯನ ಬಗ್ಗೆ. ನಾನು ಬೀಗುತ್ತಿದ್ದದ್ದು ನನ್ನ ಉಸಿರಿನ ಬಗ್ಗೆ. ಕಲಬುರಗಿಯ ಶಾಲೆಯೊಂದರಲ್ಲಿ ಪಿ.ಟಿ. ಮಾಸ್ತರನಾಗಿದ್ದೆ. ನಾನು ಸೀಟಿ ಊದಿದರೆ ಶರಣಬಸವೇಶ್ವರ ಗುಡಿಯ ಕಡೆ ಹೋಗುವ ಆಟೋಗಳು ಬ್ರೇಕ್ ಹಾಕುತ್ತಿದ್ದವು ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಹುಡುಗರನ್ನು ಮೈದಾನ ಸುತ್ತಲು ಬಿಟ್ಟು, ಕಾಂಪೌಂಡಿನ ಆಚೆ ನಿಂತು ಸಿಗರೇಟು ಸೇದುತ್ತಿದ್ದದ್ದನ್ನು ಮಾತ್ರ ಹೇಳುತ್ತಿರಲಿಲ್ಲ. ಆ ಚಟ ಬಿಡಿಸಿದವಳು ನನ್ನ ಅಕ್ಕನ ಮಗಳು ಭಾಗ್ಯ. ಮೆಡಿಕಲ್ ಓದುವ ಕಾಲದಲ್ಲಿ, ರಜೆಗೆ ಬಂದಾಗಲೆಲ್ಲ ಅವಳು ನನ್ನನ್ನು ಬೈದ ರೀತಿಗೆ ಕಲ್ಲೂ ಸಿಗರೇಟು ಬಿಡುತ್ತಿತ್ತು.

ನಿವೃತ್ತಿಯ ನಂತರ ನನ್ನ ಬೆಳಗಿನ ನಡಿಗೆ ಜಗತ್ ಸರ್ಕಲ್ಲಿನ ಚಹಾದಂಗಡಿಯಲ್ಲಿ ಮುಗಿಯುತ್ತದೆ. ಅಲ್ಲಿ ಜೊತೆಗಾರ ಚನ್ನಬಸಪ್ಪ ಒಂದು ದಿನ ಅಂಗಿ ಎತ್ತಿ ಪಕ್ಕೆಯ ಮೇಲಿನ ಹೊಲಿಗೆ ತೋರಿಸಿದ. ಸ್ಕ್ಯಾನ್ ಮಾಡಿಸಿದಾಗ ಶ್ವಾಸಕೋಶದಲ್ಲಿ ಕ್ಯಾನ್ಸರ್ ಸಿಕ್ಕಿತಂತೆ, ಹೈದರಾಬಾದಿನಲ್ಲಿ ತೆಗೆದರಂತೆ. "ಸ್ಕ್ಯಾನ್ ನನ್ನ ಜೀವಾ ಉಳಸ್ತು ಮಾಸ್ತರ್. ನೀವೂ ಭಾಳ ಸೇದಿದವರು, ಒಮ್ಮೆ ಮಾಡಿಸ್ರಿ" ಎಂದ. ನಾನು ಮಾಡಿಸಿದೆ. ಭಯದಿಂದಲ್ಲ, ಸ್ವಚ್ಛವಾದ ಎದೆಯ ಚಿತ್ರ ತಂದು ಅವನ ಹೊಲಿಗೆಯ ಪಕ್ಕ ಹಿಡಿಯಬೇಕೆಂಬ ಆಸೆಯಿಂದ.

ಚಿತ್ರದಲ್ಲಿ ಬಲ ಎದೆಯ ಮೇಲ್ಭಾಗದಲ್ಲಿ ಒಂದು ಚುಕ್ಕೆ ಇತ್ತು. ತೊಗರಿಕಾಳಿನಷ್ಟು, ಮಂಜು ಕವಿದ ಹಾಗೆ. ಆಸ್ಪತ್ರೆಯ ಡಾಕ್ಟರು ಕನ್ನಡಕ ತೆಗೆದು, "ಕ್ಯಾನ್ಸರ್ ಇದ್ದರೂ ಇರಬಹುದು. ಯಾಕ ಇಟ್ಕೋತೀರಿ? ತೆಗೆದುಬಿಡೋಣ" ಎಂದರು. ಆಪರೇಷನ್ನಿಗೆ ದಿನವೂ ನಿಗದಿಯಾಯಿತು. ಊದುವುದು ಬಿಟ್ಟರೆ ಬೇರೇನೂ ಗೊತ್ತಿಲ್ಲದ ನನ್ನ ಎದೆಯಿಂದ ಗಾಳಿಯೇ ಹೋಯಿತು.

ಸುದ್ದಿ ನನಗಿಂತ ಮೊದಲು ಅಕ್ಕನ ಊರು ಕಮಲಾಪುರ ಮುಟ್ಟಿತು. ಅಕ್ಕ ಎಲ್ಲರನ್ನೂ ತನ್ನ ಮನೆಗೆ ಕರೆಸಿದಳು. ಪಡಸಾಲೆಯಲ್ಲಿ ಭಾವ ತಮ್ಮ ತೋಟದ ಕೆಂಪು ಬಾಳೆಗೊನೆ ಇಟ್ಟಿದ್ದರು. ಬಂದ ಬೀಗರೆಲ್ಲ ಹಣ್ಣು ಸುಲಿಯುತ್ತ ನನ್ನನ್ನು ಕೊಯ್ಯಿಸುವ ಮಾತಾಡುತ್ತಿದ್ದರು. ಒಬ್ಬರೂ ಬೇಡ ಅನ್ನಲಿಲ್ಲ. ನನ್ನ ಹೆಂಡತಿ ಗಿರಿಜಾ ಮಾತ್ರ, "ಭಾಗ್ಯ ಬರಲಿ, ಆಕಿನೂ ಎದಿ ಡಾಕ್ಟ್ರಲ್ಲೇನು?" ಎಂದು ಹಟ ಹಿಡಿದಳು.

ಭಾಗ್ಯ ಡ್ಯೂಟಿ ಮುಗಿಸಿ ಕಲಬುರಗಿಯಿಂದ ಬಂದಳು. ಅಂಗಳದ ಬೆಳಕಿಗೆ ಫಿಲ್ಮ್ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ, "ಈಗ ಕೊಯ್ಯೂದು ಬ್ಯಾಡ. ಕೆಲವು ತಿಂಗಳ ಬಿಟ್ಟು ಮತ್ತ ಸ್ಕ್ಯಾನ್ ಮಾಡಿ ನೋಡೋಣು" ಎಂದಳು.

ಭಾವ ಹಣ್ಣು ಕೆಳಗಿಟ್ಟರು. "ಕ್ಯಾನ್ಸರ್ ಇದ್ರ?"

"ಇರಬಹುದು ಅಪ್ಪಾ. ಆದ್ರ ಎಲ್ಲಾ ಕ್ಯಾನ್ಸರ್ ಓಡೂದಿಲ್ಲ. ಕೆಲವು ಕುಂತಲ್ಲೇ ಕುಂತಿರ್ತಾವ. ಸ್ಕ್ಯಾನ್ ಮಾಡಿರ್ಲಿಲ್ಲಂದ್ರ ಮಾಮಾ ಇದರ ಹೆಸರೂ ಕೇಳದ ನೂರು ವರ್ಷ ಬದುಕಿರ್ತಿದ್ನೋ ಏನೋ. ಈಗ ಕೊಯ್ದ್ವಿ ಅಂದ್ರ ಎದಿಯೊಳಗಿನ ಒಂದು ಭಾಗ ಹೋಗ್ತದ. ರಿಪೋರ್ಟಿನ್ಯಾಗ ಕ್ಯಾನ್ಸರ್ ಅಂತ ಬಂತಂದ್ರ, ಮಾಮಾ ನಮಗ ಕೈ ಮುಗಿದು ಉಳಸಿದ್ರಿ ಅಂತಾನ. ಖರೇನ ಉಳಿಸಿದ್ವ್ಯೋ, ಸುಮ್ಮನ ಕೊಯ್ದ್ವ್ಯೋ, ಅದು ಅವಗೂ ತಿಳಿಯೂದಿಲ್ಲ, ನಮಗೂ ತಿಳಿಯೂದಿಲ್ಲ."

"ಹಂಗಾದ್ರ ಸ್ಕ್ಯಾನ್ ಮಾಡೋದ ತಪ್ಪೇನು?" ಎಂದಳು ಅಕ್ಕ.

"ಅಲ್ಲವ್ವಾ. ಭಾಳ ಸೇದಿದವರಿಗೆ ಅದು ಬೇಕು, ಅದರಿಂದ ಉಳದವರೂ ಅದಾರ. ಸಿಕ್ಕಿದ್ದನ್ನೆಲ್ಲಾ ಹೆದರಿ ಕೊಯ್ಯೂದು ತಪ್ಪು."

"ನಾಳೆ ಏನರ ಆದ್ರ ನಾವು ನಿನ್ನನ್ನ ಕೇಳತೀವಿ ನೋಡು!" ಎಂದರು ಭಾವ.

"ಕೇಳ್ರಿ" ಎಂದಳು. ಫಿಲ್ಮನ್ನು ಕವರಿಗೆ ತಲೆಕೆಳಗಾಗಿ ತುರುಕಿ, ಮತ್ತೆ ತೆಗೆದು ಸರಿಯಾಗಿ ಹಾಕಿದಳು. ಅದನ್ನು ನೋಡಿದವನು ನಾನೊಬ್ಬನೇ. ಕೊಯ್ಯಿಸಿ ಎಂದಿದ್ದರೆ ಅವಳನ್ನು ಯಾರೂ ಏನೂ ಅನ್ನುತ್ತಿರಲಿಲ್ಲ. ಅಪ್ಪ, ಅವ್ವ, ಬೀಗರು ಎಲ್ಲರ ಎದುರಿಗೆ ನಿಂತು, ಸ್ವಂತ ಸೋದರಮಾವನ ಜೀವದ ಹೊಣೆ ಹೊತ್ತು, ತಿಳಿಯದ್ದನ್ನು ತಿಳಿಯದು ಎಂದು ಹೇಳಿದ ಆ ಹುಡುಗಿಯ ಪಕ್ಕಕ್ಕೆ ಹೋಗಿ ನಿಂತೆ. "ನನ್ನ ಎದಿ, ನನ್ನ ಭಾಗ್ಯ ಹೇಳಿದಂಗ" ಎಂದುಬಿಟ್ಟೆ. ಅವಳು ಅಷ್ಟಕ್ಕೇ ಬಿಡಲಿಲ್ಲ. ತನ್ನ ಗುರುಗಳಿಗೂ ಚಿತ್ರ ತೋರಿಸಿದಳು. ಅವರೂ ಕಾಯೋಣ ಎಂದರು.

ಕಾಯುವುದು ಕೊಯ್ಯಿಸಿಕೊಳ್ಳುವುದಕ್ಕಿಂತ ಕಷ್ಟ. ಒಗ್ಗರಣೆಯ ಘಾಟಿಗೆ ಕೆಮ್ಮಿದರೂ ಗಿರಿಜಾ ಸೌಟು ಹಿಡಿದು ಓಡಿ ಬರುತ್ತಿದ್ದಳು. ನಾನು ಕನ್ನಡಿಯ ಮುಂದೆ ನಿಂತು ಅಂಗಿ ಬಿಚ್ಚಿ, ಒಳಗಿನದು ಹೊರಗೆ ಕಾಣುತ್ತದೋ ಎಂಬಂತೆ ಎದೆ ನೋಡಿಕೊಳ್ಳುತ್ತಿದ್ದೆ. ಮುಂದಿನ ಸ್ಕ್ಯಾನಿನಲ್ಲಿ ಚುಕ್ಕೆ ಇದ್ದಷ್ಟೇ ಇತ್ತು. ಅದರ ಮುಂದಿನದರಲ್ಲೂ ಅಷ್ಟೇ. ಭಾವ ಈಗ ಕಮಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಸಿಕ್ಕವರಿಗೆ, "ಬ್ಯಾಡ ಅಂದವಳು ನನ್ನ ಮಗಳು" ಎನ್ನುತ್ತಾರೆ. ನಾನಂತೂ ಜಗತ್ ಸರ್ಕಲ್ಲಿನಿಂದ ರೋಜಾ ಬಡಾವಣೆಯವರೆಗೆ ಸೋದರಸೊಸೆಯ ಕೀರ್ತಿ ಹರಡಿದೆ.

ಹರಡುವ ಭರದಲ್ಲಿ ಚನ್ನಬಸಪ್ಪ ಪಕ್ಕದಲ್ಲೇ ಕುಳಿತದ್ದನ್ನು ಒಂದು ದಿನ ಮರೆತೆ. ಅವನು ಚಹಾದ ಲೋಟ ತಿರುಗಿಸುತ್ತ, "ಹಂಗಾದ್ರ ನಂದು ಸುಮ್ಮನ ಕೊಯ್ದ್ರೇನ್ರಿ ಮಾಸ್ತರ್?" ಎಂದ. ನನ್ನ ನಾಲಿಗೆಯ ತುದಿಯಲ್ಲಿ ಒಂದು ಜಾಣ ಮಾತು ಸಿದ್ಧವಾಗಿತ್ತು. ಅವನ ಮುಖ ನೋಡಿ ನುಂಗಿದೆ. "ನಿಮ್ಮದು ನಿಮ್ಮದು, ನನ್ನದು ನನ್ನದು. ಅದು ಏನಾಗ್ತಿತ್ತು ಅಂತ ಯಾವ ಡಾಕ್ಟರಿಗೂ ಹೇಳಾಕ ಬರೂದಿಲ್ಲಂತ. ನೀವು ಎದುರಿಗೆ ಕುಂತು ಚಹಾ ಕುಡಿಯಾಕತ್ತೀರಿ, ನನಗ ಅಷ್ಟ ಗೊತ್ತು" ಎಂದೆ. ಅವನು ನಕ್ಕ. ಅಂದು ಚಹಾ ಅವನೇ ಕುಡಿಸಿದ.

ಮೊನ್ನೆಯ ಸ್ಕ್ಯಾನ್ ನೋಡಿ ಭಾಗ್ಯ, "ಏನೇನೂ ಬೆಳದಿಲ್ಲ ಮಾಮಾ. ಇನ್ನ ಮುಂದಿನ ವರ್ಷ ನೋಡೋಣು" ಎಂದಳು. ನನ್ನ ಬಾಯಿಂದ ತಾನಾಗಿಯೇ ಮಾತು ಜಾರಿತು: "ಒಂದು ಚೂರೂ ಬೆಳದಿಲ್ಲೇನವ್ವಾ?"

ಸೊಸೆ ನನ್ನನ್ನೇ ದಿಟ್ಟಿಸಿದಳು. ಏನು ಮಾಡಲಿ? ಇಡೀ ಕಲಬುರಗಿಗೆ ನಾನು ಕ್ಯಾನ್ಸರನ್ನು ದಿಟ್ಟಿಸಿ ನೋಡಿ ಕೂರಿಸಿದವನೆಂದು ಹೇಳಿಕೊಂಡಿದ್ದೇನೆ; ಎದುರಾಳಿ ಇಷ್ಟು ಸೋಮಾರಿಯಾದರೆ ನನ್ನ ಮರ್ಯಾದೆ ಏನಾಗಬೇಕು? ಗಿರಿಜಾ ನನ್ನ ತೋಳು ಹಿಡಿದು ಎಬ್ಬಿಸುತ್ತ ಹೇಳಿದಳು: "ನಡೀರಿ ಮನಿಗೆ. ಅದಾದ್ರೂ ಸುಮ್ಮನ ಕುಂತದ. ನಿಮಗ ಕೂಡಾಕ ಬರೂದಿಲ್ಲ."